ದಾನಿಗಳು ಕಟ್ಟಿದ ನಕ್ಷತ್ರ ಬೆಟ್ಟ

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ನಗರದಲ್ಲಿ ನಿಂತು ಪೂರ್ವಕ್ಕೆ ನೋಡಿದರೆ, ಮೋಡ ಇಲ್ಲದ ದಿನ ಬೆಟ್ಟದ ನೆತ್ತಿಯಲ್ಲಿ ಬಿಳಿ ಗುಮ್ಮಟಗಳು ಕಾಣುತ್ತವೆ. ಸಾಫ್ಟ್‌ವೇರ್ ಕೆಲಸಕ್ಕೆಂದು ಆ ಊರಿನ ಸುತ್ತಮುತ್ತ ನೆಲೆಸಿದ ಕನ್ನಡಿಗರಿಗೆ ಅವು ದಿನವೂ ಕಣ್ಣಿಗೆ ಬೀಳುವ ಗುರುತು. ಅದು ಹ್ಯಾಮಿಲ್ಟನ್ ಬೆಟ್ಟ. ಎತ್ತರ ಸುಮಾರು 4,200 ಅಡಿ. ಗುಮ್ಮಟಗಳು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಿಕ್ ವೀಕ್ಷಣಾಲಯಕ್ಕೆ ಸೇರಿದವು. ವಿಜ್ಞಾನಿಗಳು ಬೆಟ್ಟದ ತುದಿಯಲ್ಲೇ ಕಾಯಂ ಮನೆ ಮಾಡಿಕೊಂಡು ಆಕಾಶ ನೋಡಿದ ಜಗತ್ತಿನ ಮೊದಲ ವೀಕ್ಷಣಾಲಯ ಇದು. ಬೇಸಿಗೆಯ ಕೆಲವು ಸಂಜೆ ಇಲ್ಲಿ ಜನಸಾಮಾನ್ಯರಿಗಾಗಿ ಉಪನ್ಯಾಸ, ಸಂಗೀತ ಕಛೇರಿ, ನಕ್ಷತ್ರ ವೀಕ್ಷಣೆ ಏರ್ಪಡಿಸುತ್ತ ಬಂದಿದ್ದಾರೆ.

ಮೇಲೆ ಹೋಗುವ ದಾರಿಗೆ 365 ತಿರುವು ಎಂಬ ಮಾತಿದೆ. ಎಣಿಸುವ ತಾಳ್ಮೆ ಯಾರಿಗೂ ಇರುವುದಿಲ್ಲ, ಸುತ್ತಿ ಸುತ್ತಿ ತಲೆ ತಿರುಗುವುದಂತೂ ನಿಜ. ಇಷ್ಟು ತಿರುವುಗಳಿಗೆ ಕಾರಣ ಕುದುರೆ. 1876ರಲ್ಲಿ ರಸ್ತೆ ಮಾಡುವಾಗ ಭಾರದ ಸಾಮಾನನ್ನು ಗಾಡಿಯಲ್ಲಿ ಮೇಲೆ ಸಾಗಿಸಬೇಕಿತ್ತು. ಕುದುರೆಗಳು ಏದುಸಿರು ಬಿಡದ ಹಾಗೆ ಏರನ್ನು ಸಲೀಸು ಮಾಡಲು ಹೋಗಿ ದಾರಿ ಹೀಗೆ ಬಳುಕಿತು.

ರಸ್ತೆ ಮಾಡಿಕೊಟ್ಟರೆ ಮಾತ್ರ ವೀಕ್ಷಣಾಲಯ ಎಂದು ಷರತ್ತು ಹಾಕಿದವನು ಜೇಮ್ಸ್ ಲಿಕ್. 1796ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದ ಈತ ಮೂಲತಃ ಬಡಗಿ. ಅರ್ಜೆಂಟೀನಾ, ಚಿಲಿ, ಪೆರುಗಳಲ್ಲಿ ಪಿಯಾನೊ ಮಾಡಿ ಮಾರಿ ಹಣ ಕೂಡಿಟ್ಟ. 1848ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದಿಳಿದು ಸಿಕ್ಕ ಸಿಕ್ಕಲ್ಲಿ ಜಮೀನು ಕೊಂಡ. ಅದೇ ತಿಂಗಳು ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿತು, ಭೂಮಿಯ ಬೆಲೆ ಗಗನಕ್ಕೇರಿತು. ಮುಪ್ಪಿನಲ್ಲಿ ಆತನಿಗೆ ಹೆಸರು ಉಳಿಸಿಕೊಳ್ಳುವ ಚಿಂತೆ ಹತ್ತಿತು. ತನ್ನ ಮತ್ತು ತಂದೆ ತಾಯಿಯ ದೈತ್ಯ ಪ್ರತಿಮೆಗಳನ್ನು ನಿಲ್ಲಿಸಬೇಕೆಂದುಕೊಂಡ. ಆಮೇಲೆ ಈಜಿಪ್ಟಿನದನ್ನೂ ಮೀರಿಸುವ ಪಿರಮಿಡ್ಡನ್ನು ಊರ ನಡುವೆ ಕಟ್ಟಿಸುವ ಆಲೋಚನೆ ಮಾಡಿದ. ಕ್ಯಾಲಿಫೋರ್ನಿಯಾ ವಿಜ್ಞಾನ ಅಕಾಡೆಮಿಯ ಅಧ್ಯಕ್ಷ ಜಾರ್ಜ್ ಡೇವಿಡ್‌ಸನ್ ಆ ಹುಚ್ಚನ್ನು ಹದಕ್ಕೆ ತಂದು ದೂರದರ್ಶಕದ ಕಡೆ ತಿರುಗಿಸಿದರು. ಲಿಕ್ ಅದಕ್ಕೆಂದು ತೆಗೆದಿಟ್ಟದ್ದು 7 ಲಕ್ಷ ಡಾಲರ್.

1876ರಲ್ಲಿ ತೀರಿಕೊಂಡ ಲಿಕ್‌ಗೆ ತನ್ನ ದೂರದರ್ಶಕ ನೋಡುವ ಯೋಗ ಇರಲಿಲ್ಲ. 1887ರಲ್ಲಿ ಆತನ ದೇಹವನ್ನು ಬೆಟ್ಟಕ್ಕೆ ತಂದು, ದೂರದರ್ಶಕವನ್ನು ಹೊರುವ ಕಂಬದ ಬುಡದಲ್ಲಿ ಸಮಾಧಿ ಮಾಡಿದರು. ಪಿರಮಿಡ್ ತಪ್ಪಿದರೂ ಗೋರಿ ತಪ್ಪಲಿಲ್ಲ.

ಆ ಗೋರಿಯ ಮೇಲಿನ ದೂರದರ್ಶಕ ಮೊದಲು ಆಕಾಶ ನೋಡಿದ್ದು 1888ರ ಜನವರಿಯಲ್ಲಿ. 36 ಇಂಚು ಅಗಲದ ಮಸೂರ, 57 ಅಡಿ ಉದ್ದದ ಕೊಳವೆ. ಆಗ ಜಗತ್ತಿನಲ್ಲೇ ಅತಿ ದೊಡ್ಡ ಮಸೂರದ ದೂರದರ್ಶಕ ಇದೇ ಆಗಿತ್ತು. ಕೊಳವೆಯನ್ನು ದಿಗಂತದ ಕಡೆ ಬಾಗಿಸಿದರೆ ಕಣ್ಣಿಡುವ ತುದಿ ಆಳೆತ್ತರಕ್ಕೂ ಮೇಲೆ ಹೋಗುತ್ತದೆ. ನೆತ್ತಿಯ ಮೇಲಿನ ನಕ್ಷತ್ರ ನೋಡಬೇಕೆಂದರೆ ಅದೇ ತುದಿ ಕೆಳಗಿಳಿಯುತ್ತದೆ. ಹೀಗಾಗಿ ಗುಮ್ಮಟದೊಳಗಿನ ವಿಶಾಲ ಮರದ ನೆಲವನ್ನೇ ಸುಮಾರು 16 ಅಡಿ ಏರಿಸಿ ಇಳಿಸುವ ವ್ಯವಸ್ಥೆ ಮಾಡಿದರು. ನಿಂತ ನೆಲ ಹಾಗೇ ಮೇಲೇಳುವಾಗ ಬಂದವರು ಪಕ್ಕದವರ ಮುಖ ನೋಡುತ್ತಾರೆ.

1892ರಲ್ಲಿ ಖಗೋಳ ವಿಜ್ಞಾನಿ ಎಡ್ವರ್ಡ್ ಬರ್ನಾರ್ಡ್ ಇದೇ ದೂರದರ್ಶಕಕ್ಕೆ ಕಣ್ಣಿಟ್ಟು ಗುರುವಿನ ಐದನೆಯ ಉಪಗ್ರಹ ಅಮಾಲ್ಥಿಯಾವನ್ನು ಕಂಡರು. ಗೆಲಿಲಿಯೊ ನಾಲ್ಕನ್ನು ಕಂಡು 282 ವರ್ಷಗಳಾಗಿದ್ದವು. ದೂರದರ್ಶಕಕ್ಕೆ ನೇರವಾಗಿ ಕಣ್ಣಿಟ್ಟು ಪತ್ತೆ ಮಾಡಿದ ಗ್ರಹಗಳ ಉಪಗ್ರಹಗಳಲ್ಲಿ ಅದೇ ಕೊನೆಯದು. ಆಮೇಲಿನವೆಲ್ಲ ಫೋಟೊಗಳಲ್ಲೋ ಬಾಹ್ಯಾಕಾಶ ನೌಕೆಗಳಿಗೋ ಸಿಕ್ಕವು.

ಈ ಬೆಟ್ಟದಲ್ಲಿ ಉಪಕರಣಗಳ ಹೆಸರು ಓದುತ್ತ ಹೋದರೆ ಕೊಟ್ಟ ಕೈಗಳ ಪಟ್ಟಿಯೇ ಸಿಗುತ್ತದೆ. ಕ್ರಾಸ್ಲಿ ದೂರದರ್ಶಕ ಇಂಗ್ಲೆಂಡಿನ ಎಡ್ವರ್ಡ್ ಕ್ರಾಸ್ಲಿ ಕೊಟ್ಟ ಉಡುಗೊರೆ. ಒಂದು ಮೀಟರಿನ ನಿಕಲ್ ದೂರದರ್ಶಕಕ್ಕೆ ಹೆಸರು ಬಂದದ್ದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿದ ಆನಾ ನಿಕಲ್ ಎಂಬಾಕೆಯಿಂದ. ಆಕೆ ಲಿಕ್‌ನಂಥ ಕುಬೇರಳಲ್ಲ. ತನಗಿದ್ದ ಅಷ್ಟಿಷ್ಟು ಆಸ್ತಿಯ ಬಹುಪಾಲನ್ನು ವೀಕ್ಷಣಾಲಯಕ್ಕೆ ಕೊಟ್ಟಳು. ಗ್ರಹಣ ನೋಡಲು ಲಿಕ್‌ನಿಂದ ದೇಶ ದೇಶಕ್ಕೆ ಹೊರಟ ತಂಡಗಳ ಖರ್ಚನ್ನು ಕ್ರಾಕರ್ ಮನೆತನ ವಹಿಸಿಕೊಂಡಿತ್ತು. 1898ರ ಜನವರಿ 22ರ ಪೂರ್ಣ ಸೂರ್ಯಗ್ರಹಣಕ್ಕೆ ವಿಲಿಯಂ ಕ್ಯಾಂಪ್‌ಬೆಲ್ ನೇತೃತ್ವದ ತಂಡ ಬಂದಿಳಿದದ್ದು ನಮ್ಮ ವಿಜಯಪುರದ ಗಡಿಗೆ ತಾಗಿದ ಸೊಲ್ಲಾಪುರ ಜಿಲ್ಲೆಯ ಜೇವೂರಿಗೆ. ಅಲ್ಲಿ 40 ಅಡಿ ಉದ್ದದ ಕ್ಯಾಮೆರಾ ನಿಲ್ಲಿಸಿ ಸೂರ್ಯನ ಪ್ರಭಾವಲಯದ ಚಿತ್ರ ತೆಗೆದರು.

ಬೇಸಿಗೆಯಲ್ಲಿ ಸಂದರ್ಶಕರಿಗೆಂದು ಏರ್ಪಡಿಸುವ ಸಂಜೆ ಶುರುವಾಗುವುದು ಉಪನ್ಯಾಸದಿಂದ. ಮಾತನಾಡುವವರು ಸಂಶೋಧನೆಯಲ್ಲಿ ತೊಡಗಿದ ಖಗೋಳ ವಿಜ್ಞಾನಿಗಳೇ. ಹೇಳಲು ವಿಷಯಕ್ಕೆ ಬರವಿಲ್ಲ. 76 ಸೆಂ.ಮೀ.ನ ಕ್ಯಾಟ್ಸ್‌ಮನ್ ದೂರದರ್ಶಕ ತನ್ನಷ್ಟಕ್ಕೆ ಸೂಪರ್‌ನೋವಾಗಳನ್ನು, ಅಂದರೆ ಸಿಡಿಯುವ ನಕ್ಷತ್ರಗಳನ್ನು, ಹುಡುಕಲೆಂದೇ ಆದದ್ದು. 2.4 ಮೀಟರಿನ ಇನ್ನೊಂದು ಯಂತ್ರ ಬೇರೆ ನಕ್ಷತ್ರಗಳ ಸುತ್ತಲಿನ ಗ್ರಹಗಳನ್ನು ಅರಸುತ್ತದೆ. 1959ರಲ್ಲಿ ಪೂರ್ಣಗೊಂಡ 3 ಮೀಟರಿನ ಶೇನ್ ದೂರದರ್ಶಕದಿಂದ 1969ರ ಆಗಸ್ಟ್ 1ರಂದು ಚಂದ್ರನತ್ತ ಲೇಸರ್ ಬಿಟ್ಟರು. ಅಪೊಲೊ 11ರ ಯಾತ್ರಿಗಳು ಇಟ್ಟು ಬಂದ ಪ್ರತಿಫಲಕಕ್ಕೆ ಬಡಿದು ಬೆಳಕು ವಾಪಸಾಯಿತು. ಆ ಪ್ರಯೋಗದಲ್ಲಿ ಮೊದಲು ಗೆದ್ದದ್ದು ಈ ಬೆಟ್ಟ.

ಕತ್ತಲಾದ ಮೇಲೆ 36 ಇಂಚಿನ ದೂರದರ್ಶಕದ ಮುಂದೆ ಸಾಲು. ಒಬ್ಬೊಬ್ಬರೇ ಏಣಿ ಹತ್ತಿ ಕಣ್ಣಿಟ್ಟು ಇಳಿಯಬೇಕು, ಹಿಂದಿನವರು ಕಾಯುತ್ತಿರುತ್ತಾರೆ. ಬೇಸಿಗೆಯ ಆಕಾಶದಲ್ಲಿ ನೋಡಲು ಯೋಗ್ಯವಾದದ್ದು ಹರ್ಕ್ಯುಲಿಸ್ ಪುಂಜದ ಎಂ13 ಗುಚ್ಛ. 20 ಸಾವಿರಕ್ಕೂ ಹೆಚ್ಚು ಜ್ಯೋತಿರ್ವರ್ಷ ದೂರದಲ್ಲಿ ಲಕ್ಷಾಂತರ ನಕ್ಷತ್ರಗಳು. ಮಸೂರದಲ್ಲಿ ಅವು ಕರಿ ಕಂಬಳಿಯ ಮೇಲೆ ಸಣ್ಣ ರವೆ ಚೆಲ್ಲಿದ ಹಾಗೆ ಬಿಡಿಬಿಡಿಯಾಗಿ ಕಾಣುತ್ತವೆ. ನೀಹಾರಿಕೆ ನೋಡಿದವರಿಗೆ ಒಮ್ಮೊಮ್ಮೆ ನಿರಾಸೆ. ಚಿತ್ರಗಳಲ್ಲಿ ಕಂಡ ಕೆಂಪು, ನೀಲಿ ಇಲ್ಲ, ಬೂದು ಮಬ್ಬು ಅಷ್ಟೇ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ಹಿಡಿಯುವ ಶಕ್ತಿ ಕಡಿಮೆ. ಕ್ಯಾಮೆರಾ ಬೆಳಕನ್ನು ನಿಮಿಷಗಟ್ಟಲೆ ಕೂಡಿಸಿಟ್ಟುಕೊಳ್ಳುತ್ತದೆ, ಕಣ್ಣಿಗೆ ಆ ಸೌಕರ್ಯವಿಲ್ಲ.

ಈಗ ಖಗೋಳ ವಿಜ್ಞಾನಿಗಳು ಬೆಟ್ಟ ಹತ್ತಲೇಬೇಕೆಂದಿಲ್ಲ. ಕ್ಯಾಂಪಸ್ಸಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಶೇನ್ ದೂರದರ್ಶಕ ನಡೆಸುತ್ತಾರೆ. ಏಣಿ ಹತ್ತಿ ಕಣ್ಣಿಡುವ ಹಳೆಯ ಕ್ರಮವನ್ನು ಉಳಿಸಿಕೊಂಡಿರುವವರು ಟಿಕೆಟ್ ಕೊಂಡು ಬರುವ ಜನ. ಸಂಶೋಧನೆಯ ಮುಂಚೂಣಿಯಿಂದ ಸರಿದ 1888ರ ದೂರದರ್ಶಕ, ಪಕ್ಕದ ಗುಮ್ಮಟಗಳ ಸಂಶೋಧನೆಗೆ ಬೆಂಬಲಿಗರನ್ನು ಸಂಪಾದಿಸಿ ಕೊಡುತ್ತಿದೆ. ‘ಫ್ರೆಂಡ್ಸ್ ಆಫ್ ಲಿಕ್ ಅಬ್ಸರ್ವೇಟರಿ’ ಎಂಬ ಬಳಗ ಇಂಥವರದು.

ಜನರೊಂದಿಗಿನ ಈ ನಂಟಿನ ಬೆಲೆ ಗೊತ್ತಾದದ್ದು 2013ರಲ್ಲಿ. ಇನ್ನು ಕೆಲವೇ ವರ್ಷಗಳಲ್ಲಿ ಲಿಕ್‌ಗೆ ಕೊಡುವ ಹಣ ನಿಲ್ಲಿಸುವುದಾಗಿ ವಿಶ್ವವಿದ್ಯಾಲಯದ ಆಡಳಿತ ಹೇಳಿತು. ಹವಾಯಿಯಲ್ಲಿ ಇದಕ್ಕಿಂತ ಎಷ್ಟೋ ದೊಡ್ಡ ದೂರದರ್ಶಕಗಳಿರುವಾಗ ಹಳೆಯದಕ್ಕೆ ಏಕೆ ಸುರಿಯಬೇಕು ಎಂಬುದು ಲೆಕ್ಕಾಚಾರ. ದೊಡ್ಡ ದೂರದರ್ಶಕಗಳಲ್ಲಿ ಒಂದು ರಾತ್ರಿಗೂ ಪೈಪೋಟಿ. ವಿದ್ಯಾರ್ಥಿಗಳು ಕೈ ಪಳಗಿಸಿಕೊಳ್ಳಲು, ಒಂದೇ ಕೆಲಸವನ್ನು ವರ್ಷಗಟ್ಟಲೆ ನಡೆಸಲು ಲಿಕ್‌ನಂಥ ಜಾಗವೇ ಬೇಕು ಎಂದು ಖಗೋಳ ವಿಜ್ಞಾನಿಗಳು ವಾದಿಸಿದರು. ಬೆಂಬಲಿಗರು, ಆ ಭಾಗದ ಸಂಸದರು ದನಿಗೂಡಿಸಿದರು. 2014ರಲ್ಲಿ ತೀರ್ಮಾನ ಹಿಂದಕ್ಕೆ ಸರಿಯಿತು. ಮರುವರ್ಷ ಗೂಗಲ್ 10 ಲಕ್ಷ ಡಾಲರ್ ಕೊಟ್ಟಿತು. ಆಪತ್ತು ಅಲ್ಲಿಗೇ ಮುಗಿಯಲಿಲ್ಲ: 2020ರ ಆಗಸ್ಟಿನ ಕಾಳ್ಗಿಚ್ಚು ಬೆಟ್ಟದ ತುದಿಯವರೆಗೂ ಬಂತು. ಅಗ್ನಿಶಾಮಕ ಸಿಬ್ಬಂದಿಯ ದುಡಿಮೆಯಿಂದ ಗುಮ್ಮಟಗಳು ಉಳಿದವು, ಖಾಲಿ ಇದ್ದ ಮನೆಯೊಂದು ಸುಟ್ಟುಹೋಯಿತು.

ನಗರವೂ ಬೆಟ್ಟಕ್ಕೆ ಒತ್ತಾಸೆಯಾಗಿತ್ತು. ಹಿಂದೆ ಸ್ಯಾನ್ ಹೋಸೆ ತನ್ನ ಬೀದಿಗಳಿಗೆ ಹಳದಿ ಸೋಡಿಯಂ ದೀಪ ಹಾಕಿಸಿತು. ಆ ದೀಪದ ಬೆಳಕು ಒಂದೇ ಬಣ್ಣದ್ದು, ಉಪಕರಣದಲ್ಲಿ ಸೋಸಿ ತೆಗೆಯಲು ಸುಲಭ. ಇದಕ್ಕೆ ಕೃತಜ್ಞತೆಯಾಗಿ 6216ನೇ ಕ್ಷುದ್ರಗ್ರಹಕ್ಕೆ ನಗರದ ಹೆಸರಿಟ್ಟರು.

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ಅಪ್ಪ ಅಮ್ಮಂದಿರು ಗೋಲ್ಡನ್ ಗೇಟ್ ಸೇತುವೆಯ ಜತೆಗೆ ಇದನ್ನೂ ಪಟ್ಟಿಗೆ ಸೇರಿಸಬಹುದು. ಹೊರಡುವ ಮೊದಲು ವೀಕ್ಷಣಾಲಯದ ಪ್ರಕಟಣೆ ನೋಡಿಕೊಳ್ಳಿ. ಹಿಮ, ಗಾಳಿ, ರಿಪೇರಿ ಎಂದು ವೇಳಾಪಟ್ಟಿ ಬದಲಾಗುವುದುಂಟು. ಬೆಟ್ಟದಲ್ಲಿ ಪೆಟ್ರೋಲ್ ಬಂಕ್ ಇಲ್ಲ, ಹೋಟೆಲಿಲ್ಲ. ಬೇಸಿಗೆಯಲ್ಲೂ ರಾತ್ರಿ ಸ್ವೆಟರ್ ಬೇಕು.

ಅಷ್ಟು ದೂರ ಆಗದವರಿಗೆ ತಮಿಳುನಾಡಿನ ಜವ್ವಾದಿ ಬೆಟ್ಟದ ಕಾವಲೂರು ಇದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ನಡೆಸುವ ಅಲ್ಲಿನ ವೀಕ್ಷಣಾಲಯ ಶನಿವಾರಗಳಂದು ಸಂದರ್ಶಕರನ್ನು ಬರಮಾಡಿಕೊಳ್ಳುತ್ತದೆ. ಖಗೋಳ ವಿಜ್ಞಾನಿ ವೈನು ಬಪ್ಪು ಅವರ ಹೆಸರಿನ 2.3 ಮೀಟರ್ ದೂರದರ್ಶಕ ಇರುವುದು ಅಲ್ಲೇ. ಅದನ್ನು ನಡೆಸುವುದು ಸರ್ಕಾರದ ಹಣ, ಅಂದರೆ ನಮ್ಮ ತೆರಿಗೆ. ಆ ಲೆಕ್ಕದಲ್ಲಿ ನಾವೆಲ್ಲ ಈಗಾಗಲೇ ದಾನಿಗಳೇ. ಒಂದು ಶನಿವಾರ ಹೋಗಿ ನೋಡಿಕೊಂಡು ಬರುವುದಷ್ಟೇ ಬಾಕಿ.