ರಸದರ್ಪಣಗಳ ಜೀರ್ಣೋದ್ಧಾರದಲ್ಲಿ ಪಾರದದೋಷ

ಕ್ರಿ. ಶ. 16ನೆಯ ಶತಮಾನದಿಂದ 19ನೆಯ ಶತಮಾನದವರೆಗೆ ಯೂರೋಪಿನ ಕನ್ನಡಿಗಳು ಬಹುಮಟ್ಟಿಗೆ ತವರದ ತೆಳುತಗಡಿನ ಮೇಲೆ ಪಾದರಸವನ್ನೆರೆದು ಮಾಡಿದ ಲೇಪದಿಂದಲೇ ಹೊಳೆಯುತ್ತಿದ್ದುವು. ಇಟಲಿಯ ವೈದ್ಯನಾದ ರಾಮಜ್ಜೀನಿಯು ವೆನಿಸ್ಸಿನ ಕನ್ನಡಿಗಾರರ ಕಂಪವಾತವನ್ನೂ ಉಬ್ಬಸವನ್ನೂ 1700ರಲ್ಲಿಯೇ ವರ್ಣಿಸಿದ್ದಾನೆ. ಬೆಳ್ಳಿಯ ಲೇಪವು ಬಳಕೆಗೆ ಬಂದ ಮೇಲೆ ಆ ಕಸುಬು ಕ್ರಮೇಣ ಅಳಿಯಿತು. ವಿಷವು ಮಾತ್ರ ಅಳಿಯದೆ ವಸ್ತುಸಂಗ್ರಹಾಲಯಗಳ ಜೀರ್ಣೋದ್ಧಾರಕರ ಪಾಲಿಗೆ ಬಂದಿತು.

ಲೇಪದ ಸ್ಫಟಿಕಗಳ ನಡುವೆ ದ್ರವವಾಗಿಯೇ ಉಳಿದ ರಸವು ಕಾಲಕ್ರಮದಲ್ಲಿ ಮೆಲ್ಲನೆ ಕೆಳಗಿಳಿದು ಚೌಕಟ್ಟಿನ ಕೆಳಸಂದಿನಲ್ಲಿ ಹನಿಗಟ್ಟುತ್ತದೆ. ಚೌಕಟ್ಟನ್ನು ಬಿಚ್ಚುವವನಿಗೆ ಅಪಾಯವು ಅಲ್ಲಿಯೇ ಕಾದಿರುತ್ತದೆ. ಪಾದರಸವು ಕಾಯಿಸದಿದ್ದರೂ ಆವಿಯಾಗುವುದು. 20 ಡಿಗ್ರಿ ಸೆಂಟಿಗ್ರೇಡಿನಲ್ಲಿ ಒಂದು ಘನಮೀಟರ್ ಗಾಳಿಯು ಸುಮಾರು 14 ಮಿಲಿಗ್ರಾಂ ಪಾರದವನ್ನು ಧರಿಸಬಲ್ಲುದು. ಆ ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಿನೊಡನೆ ರಕ್ತವನ್ನು ಸೇರಿ ಅದು ಮಿದುಳನ್ನೂ ಮೂತ್ರಪಿಂಡಗಳನ್ನೂ ಮುಟ್ಟುತ್ತದೆ. ಕೈನಡುಕ, ಒಸಡಿನ ಬಾವು, ನಿಷ್ಕಾರಣವಾದ ಸಂಕೋಚ, ಸಿಡುಕು ಇವು ಲಕ್ಷಣಗಳು. ಕಡೆಯ ಎರಡನ್ನು ಬಂಧುಗಳು ಸ್ವಭಾವವೆಂದೇ ಬಗೆದು ಉಪೇಕ್ಷಿಸುವುದುಂಟು. ನಮ್ಮ ರಸಶಾಸ್ತ್ರಕಾರರು ಪಾರದದ ದೋಷಗಳಲ್ಲಿ ವಿಷ, ಚಾಂಚಲ್ಯಗಳೊಡನೆ ವಂಗವನ್ನೂ, ಎಂದರೆ ತವರವನ್ನೂ, ಎಣಿಸಿರುವುದು ಇಲ್ಲಿ ಸ್ಮರಣೀಯ.

ಬಟ್ಟೆಯ ಮುಖವಸ್ತ್ರವು ಈ ಆವಿಯನ್ನು ತಡೆಯಲಾರದು. ಹನಿಗಳನ್ನು ಸಾಮಾನ್ಯವಾದ ಧೂಳುಹೀರುವ ಯಂತ್ರದಿಂದ ತೆಗೆದರೆ ಆವಿಯು ಕೋಣೆಯನ್ನೆಲ್ಲ ವ್ಯಾಪಿಸುವುದು. ದರ್ಪಣವನ್ನು ಅದು ಮೊದಲಿನಿಂದ ನಿಂತ ನಿಲುವಿನಲ್ಲಿಯೇ ಸಾಗಿಸಬೇಕು. ತಲೆಕೆಳಗು ಮಾಡಿದರೆ ಕೆಳಗೆ ನಿಂತ ರಸವೆಲ್ಲ ಲೇಪದ ಮೇಲೆ ಹರಿದು, ಉಳಿದ ಪ್ರತಿಬಿಂಬವನ್ನೂ ಕೆಡಿಸುತ್ತದೆ.