ಕೋನ್ ತುದಿಯ ಚಾಕೊಲೇಟ್ ಗುಟ್ಟು

ಕೋನ್ ಐಸ್‌ಕ್ರೀಮ್ ತಿನ್ನುತ್ತಾ ತುದಿಗೆ ಬಂದರೆ ಗಟ್ಟಿ ಚಾಕೊಲೇಟ್ ಸಿಗುತ್ತಲ್ಲ? ಅದು ಅಲ್ಲಿಗೆ ಬಂದದ್ದೇ ಕೋನ್ ಗರಿಗರಿಯಾಗಿ ಉಳಿಯಲಿ ಅಂತ.

ಕೋನ್‌ಗೂ ತೇವಕ್ಕೂ ಆಗಿಬರಲ್ಲ. ಐಸ್‌ಕ್ರೀಮ್ ತುಂಬಿ ದಿನಗಟ್ಟಲೆ ಇಟ್ಟರೆ ನೀರು ಹೀರಿ ಮೆತ್ತಗಾಗುತ್ತೆ. 1959ರಲ್ಲಿ ಇಟಲಿಯ ನೇಪಲ್ಸ್‌ನ ಸ್ಪಿಕಾ ಕಂಪನಿ ಇದಕ್ಕೊಂದು ದಾರಿ ಹುಡುಕಿತು: ಕೋನ್‌ನ ಒಳಮೈಗೆ ಎಣ್ಣೆ, ಸಕ್ಕರೆ, ಚಾಕೊಲೇಟಿನ ಲೇಪ. ಅದರಲ್ಲಿರುವ ಕೊಬ್ಬು ನೀರನ್ನು ದಾಟಗೊಡಲ್ಲ. ಹೀಗೆ ಹುಟ್ಟಿದ್ದು ಕಾರ್ನೆಟ್ಟೊ. ಹೆಚ್ಚಾದ ಲೇಪ ಕೆಳಗಿಳಿದು ತುದಿಯಲ್ಲಿ ಕೂರುತ್ತೆ. ಎಷ್ಟೋ ಮಕ್ಕಳು ಆ ಕೊನೆಯ ತುತ್ತಿಗೋಸ್ಕರವೇ ಕೋನ್ ಕೇಳುತ್ತಾರೆ!

ಇನ್ನು ಕೆಲವು ಕೋನ್‌ಗಳಲ್ಲಿ ಐಸ್‌ಕ್ರೀಮ್ ಒಳಗೆ ಸಿಗುವ ಸಾಸ್. ಫ್ರೀಜರ್‌ನಲ್ಲಿ ಮೈನಸ್ 18 ಡಿಗ್ರಿ. ಐಸ್‌ಕ್ರೀಮ್ ಗಟ್ಟಿ, ಆದರೆ ಸಾಸ್ ಮೆದು. ಕಾರಣ ಸಕ್ಕರೆ. ಪಾಕ ಅಷ್ಟು ದಟ್ಟವಾಗಿದ್ದರೆ ನೀರು ಸುಲಭವಾಗಿ ಹೆಪ್ಪುಗಟ್ಟಲ್ಲ.

ತುಂಬಿಸೋದು ನೋಡೋಕೇ ಚೆಂದ. ಮೈನಸ್ 5, 6 ಡಿಗ್ರಿಯಲ್ಲಿ, ಇನ್ನೂ ಮೆತ್ತಗಿರುವಾಗಲೇ ಐಸ್‌ಕ್ರೀಮ್ ನಳಿಕೆಯಿಂದ ಇಳಿಯುತ್ತೆ. ಆ ನಳಿಕೆಯ ನಡುವೆಯೇ ಇನ್ನೊಂದು ಸಣ್ಣ ನಳಿಕೆ ಇಟ್ಟರೆ, ಸಾಸ್ ಜೊತೆಜೊತೆಗೇ ಒಳಗೆ ಸೇರುತ್ತೆ. ಮೇಲೊಂದು ಮುಚ್ಚಳ, ಆಮೇಲೆ ಮೈನಸ್ 30ಕ್ಕಿಂತ ಕೆಳಗಿನ ಕೊರೆಯುವ ಗಾಳಿ. ಇಲ್ಲಿ ಅವಸರ ಬೇಕೇ ಬೇಕು. ನಿಧಾನವಾದರೆ ಮಂಜಿನ ಹರಳು ದೊಡ್ಡದಾಗಿ ನಾಲಿಗೆಗೆ ಮರಳುಮರಳು ಅನ್ನಿಸುತ್ತೆ.

ಕೊಳ್ಳುವಾಗ ಹೊದಿಕೆ ಮೇಲೆ ಕೈಯಾಡಿಸಿ. ಆಕಾರ ಕೆಟ್ಟಿದ್ದರೆ, ಮೇಲೆಲ್ಲ ಮಂಜು ಕಟ್ಟಿದ್ದರೆ, ದಾರಿಯಲ್ಲೆಲ್ಲೋ ಕರಗಿ ಮತ್ತೆ ಗಟ್ಟಿಯಾಗಿರಬಹುದು. ಸಂಕೋಚ ಬೇಡ, ಬೇರೆ ಕೊಡಿ ಅಂತ ಕೇಳಿ.