ನಗರದ ಗಡಿಯೇ ಮಾರುಕಟ್ಟೆಯ ಗಡಿಯಲ್ಲ

2020ರ ಜನಗಣತಿಯಂತೆ ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್ ನಗರದ ಜನಸಂಖ್ಯೆ ಸುಮಾರು 13 ಲಕ್ಷ. ಡಲ್ಲಾಸ್-ಫೋರ್ಟ್ ವರ್ತ್-ಆರ್ಲಿಂಗ್ಟನ್ ಮಹಾನಗರ ಅಂಕಿಅಂಶ ಪ್ರದೇಶದ್ದು ಸುಮಾರು 76 ಲಕ್ಷ. ಈ ಅಂತರವನ್ನರಿಯದ ರಫ್ತುದಾರನು ಬೇಡಿಕೆಯನ್ನು ತಪ್ಪಾಗಿ ಅಳೆಯುವ ಸಂಭವವುಂಟು.

ಇಂತಹ ಪ್ರದೇಶಗಳನ್ನು ಗುರುತಿಸುವುದು ಅಲ್ಲಿನ ಫೆಡರಲ್ ಸರ್ಕಾರದ ನಿರ್ವಹಣೆ ಮತ್ತು ಆಯವ್ಯಯ ಕಚೇರಿ. ಕನಿಷ್ಠ 50,000 ಜನರಿರುವ ನಗರಪ್ರದೇಶವನ್ನಾಧರಿಸಿ ಮೊದಲು ಕೇಂದ್ರ ಕೌಂಟಿಗಳನ್ನು ನಿರ್ಧರಿಸಲಾಗುತ್ತದೆ. ನೆರೆಯ ಕೌಂಟಿಯ ದುಡಿಯುವವರಲ್ಲಿ ಕನಿಷ್ಠ ಶೇ. 25ರಷ್ಟು ಮಂದಿ ಅಲ್ಲಿಗೆ ಕೆಲಸಕ್ಕೆ ಹೋಗಿಬರುತ್ತಿದ್ದರೆ ಅದನ್ನೂ ಸೇರಿಸಲಾಗುತ್ತದೆ.

ಈ ಗುಂಪು ಶಾಶ್ವತವಲ್ಲ. 2018ರಲ್ಲಿ ಹುಡ್ ಮತ್ತು ಸಾಮರ್ವೆಲ್ ಕೌಂಟಿಗಳನ್ನು ಕೈಬಿಟ್ಟುದರಿಂದ ಡಲ್ಲಾಸ್ ಪ್ರದೇಶದ ಕೌಂಟಿಗಳು 13ರಿಂದ 11ಕ್ಕಿಳಿದವು. ಆದುದರಿಂದ ಬೇರೆ ಬೇರೆ ವರ್ಷಗಳ ಅಂಕಿಗಳನ್ನು ಹೋಲಿಸುವ ಮುನ್ನ, ಎರಡರಲ್ಲಿಯೂ ಅವೇ ಕೌಂಟಿಗಳಿವೆಯೇ ಎಂದು ಪರಿಶೀಲಿಸುವುದು ವರ್ತಕರಿಗೆ ಹಿತಕರ.